ಮೈಸೂರಿನ ಮೂರು ಸಂಧಿಗಳು

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯವು ಇಂಗ್ಲಿಷರ ಈಸ್ಟ್ ಇಂಡಿಯಾ ಕುಂಪಣಿಯೊಡನೆ ನಾಲ್ಕು ಬಾರಿ ಯುದ್ಧಮಾಡಿತು. ಮೂರು ಬಾರಿ ಸಂಧಿ ಮಾಡಿಕೊಂಡಿತು. ನಾಲ್ಕನೆಯ ಯುದ್ಧ ಮುಗಿಯುವ ವೇಳೆಗೆ ಸಂಧಿಗೆ ಕುಳಿತುಕೊಳ್ಳಲು ಟಿಪ್ಪುಸುಲ್ತಾನನೇ ಉಳಿದಿರಲಿಲ್ಲ. ಈ ಯುದ್ಧಗಳ ವೃತ್ತಾಂತವನ್ನು ನಮ್ಮವರು ಲಾವಣಿಗಳಲ್ಲಿ ಕೇಳಿ ಬಲ್ಲರು, ಪಾಠದ ಪುಸ್ತಕಗಳಲ್ಲಿ ಓದಿ ಬಲ್ಲರು. ಸಂಧಿಗಳನ್ನಾದರೋ ಯುದ್ಧದ ಬಾಲದಂತೆ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ವಾಡಿಕೆ. ಆದರೆ ರಣರಂಗದಲ್ಲಿ ಸಂಪಾದಿಸಿದ್ದು ಕೈಯಲ್ಲಿ ನಿಲ್ಲುವುದೋ ಜಾರುವುದೋ ನಿಶ್ಚಯವಾಗುವುದು ಸಂಧಾನದ ಡೇರೆಯಲ್ಲಿ. 1769ರಲ್ಲಿ ಮದರಾಸಿನಲ್ಲಿ, 1784ರಲ್ಲಿ ಮಂಗಳೂರಿನಲ್ಲಿ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಆದ ಮೂರು ಸಂಧಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಮೇಲುಗೈಯನ್ನು ಪಡೆಯುವುದು ಒಂದು ವಿದ್ಯೆ, ಪಡೆದ ಮೇಲುಗೈಯನ್ನು ವಿನಿಯೋಗಿಸುವುದು ಇನ್ನೊಂದು ವಿದ್ಯೆ ಎಂಬುದು ಸ್ಪಷ್ಟವಾಗುತ್ತದೆ.

ಕನ್ನಡ ನಾಡಿಗೆ ಈ ವಿದ್ಯೆ ಹೊಸದೇನಲ್ಲ. ಚಾಲುಕ್ಯರ ಮತ್ತು ಹೊಯ್ಸಳರ ಶಾಸನಗಳಲ್ಲಿ ‘ಸಂಧಿವಿಗ್ರಹಿ’ ಎಂಬ ಅಧಿಕಾರಿಯ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಂಧಿಯನ್ನೂ ವಿಗ್ರಹವನ್ನೂ, ಎಂದರೆ ಕೂಡುವುದನ್ನೂ ಕಾದುವುದನ್ನೂ, ಒಬ್ಬನೇ ಮಂತ್ರಿಯ ವಶಕ್ಕೆ ಕೊಟ್ಟಿದ್ದರಲ್ಲಿಯೇ ಹಿಂದಿನವರ ವಿವೇಕವು ಅಡಗಿದೆ. ಟಿಪ್ಪುವಿನ ತಂದೆ ಹೈದರಾಲಿಯ ಕಾಲಕ್ಕೆ ಆ ಹೆಸರು ಹೋಗಿ ‘ವಕೀಲ’ ಎಂಬ ಹೆಸರು ಬಂದಿತ್ತು. ಪುಣೆಯಲ್ಲಿ, ಹೈದರಾಬಾದಿನಲ್ಲಿ, ಮದರಾಸಿನಲ್ಲಿ ಒಬ್ಬರ ವಕೀಲರು ಇನ್ನೊಬ್ಬರ ಬಳಿಗೆ ಹೋಗಿಬರುತ್ತ, ಪಾರಸಿಯಲ್ಲಿ ಕಾಗದಗಳನ್ನು ಬರೆಯುತ್ತ, ಸಮಾಚಾರವನ್ನು ಸಂಗ್ರಹಿಸುತ್ತ ಇದ್ದರು. ಯಾರು ಯಾರ ಬಳಿಗೆ ಹೋಗಬೇಕು, ಎಷ್ಟು ದಿನ ಕಾಯಬೇಕು, ಉಡುಗೊರೆಯನ್ನು ಮೊದಲು ಯಾರು ಕಳುಹಿಸಬೇಕು ಎಂಬ ಈ ಎಲ್ಲ ಉಪಚಾರಗಳ ಹಿಂದೆ ಬಲಾಬಲದ ಲೆಕ್ಕವಿರುತ್ತಿತ್ತು.

ಮೊದಲನೆಯ ಯುದ್ಧವು 1767ರಲ್ಲಿ ಆರಂಭವಾಯಿತಷ್ಟೆ. ಮರುವರ್ಷದ ನಡುವಿನಲ್ಲಿ ಹೈದರಾಲಿಯ ಸ್ಥಿತಿ ವಿಷಮವಾಗಿತ್ತು. ಅವನು ಬಾರಾಮಹಲು ಪ್ರಾಂತವನ್ನೂ 10 ಲಕ್ಷ ರೂಪಾಯಿಗಳನ್ನೂ ಕೊಟ್ಟು ಶಾಂತಿಯನ್ನು ಪಡೆಯಲು ಸಿದ್ಧನಾಗಿದ್ದನು. ಮದರಾಸಿನ ಆಡಳಿತ ಮಂಡಲಿಗೆ ಆಗ ದೊರೆತಿದ್ದ ಮೇಲುಗೈ ಸಾಲದಾಯಿತು. ಇನ್ನೂ ಹೆಚ್ಚಿನದನ್ನು ಬಯಸಿ, ಹೈದರನು ಒಪ್ಪಲಾರದಂಥ ಬೇಡಿಕೆಗಳನ್ನು ಮುಂದಿಟ್ಟು, ಅವರು ಆ ಅವಕಾಶವನ್ನು ಕಳೆದುಕೊಂಡರು. ಕೆಲವೇ ತಿಂಗಳುಗಳಲ್ಲಿ ಹೈದರನು ಕಳೆದುಕೊಂಡ ಕೋಟೆಗಳಲ್ಲಿ ಹಲವನ್ನು ಮರಳಿ ಹಿಡಿದನು. ಸಂಧಾನದ ಮಾತೆತ್ತಿ ಬಂದ ಇಂಗ್ಲಿಷ್ ಅಧಿಕಾರಿಗೆ, ತಾನೇ ಮದರಾಸಿನ ಬಾಗಿಲಿಗೆ ಬರುತ್ತಿರುವುದಾಗಿಯೂ ಗವರ್ನರನು ಹೇಳತಕ್ಕದ್ದನ್ನು ಅಲ್ಲಿಯೇ ಕೇಳುವುದಾಗಿಯೂ ತಿಳಿಸಿದನು. ಅದು ಬರಿಯ ಬೆದರಿಕೆಯೆಂದು ಅವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. 1769ರ ಮಾರ್ಚಿಯಲ್ಲಿ ಹೈದರನು ತನ್ನ ದೊಡ್ಡ ಸೈನ್ಯವನ್ನೂ ಭಾರವಾದ ಸಾಮಾನುಗಳನ್ನೂ ಬೇರೆ ಕಡೆಗೆ ಕಳುಹಿಸಿ, ಆಯ್ದ 6,000 ಸವಾರರೊಡನೆ, ಬೆನ್ನಟ್ಟಿದ ಕರ್ನಲ್ ಸ್ಮಿತ್ತನನ್ನು ಹಿಂದೆ ಹಾಕಿ, ಮೂರೂವರೆ ದಿನಗಳಲ್ಲಿ 130 ಮೈಲಿ ಓಡಿಬಂದು, ತಿಂಗಳ ಕೊನೆಯಲ್ಲಿ ಮದರಾಸಿಗೆ ಐದು ಮೈಲಿಯ ಅಳತೆಯಲ್ಲಿದ್ದ ಸೇಂಟ್ ಥಾಮಸ್ ಗುಡ್ಡದಲ್ಲಿ ಕಾಣಿಸಿಕೊಂಡನು.

ಸವಾರರಿಂದ ಕೋಟೆಯನ್ನು ಹಿಡಿಯಲಾಗದೆಂಬುದು ಹೈದರನಿಗೆ ಚೆನ್ನಾಗಿ ತಿಳಿದಿತ್ತು. ಹಿಡಿಯಬೇಕೆಂಬ ಉದ್ದೇಶವೂ ಅವನಿಗೆ ಇರಲಿಲ್ಲ. ಕೋಟೆಯ ಹೊರಗಿದ್ದ ಕುಂಪಣಿಯವರ ತೋಟಗಳು, ಬಂಗಲೆಗಳು, ವರ್ತಕರ ಪೇಟೆಗಳು ಆ ಸವಾರರ ಕತ್ತಿಗೆ ಎಟಕುವಂತಿದ್ದುವು, ಸ್ಮಿತ್ತನ ಸೈನ್ಯವು ಇನ್ನೂ ದೂರದಲ್ಲಿತ್ತು. ಇಷ್ಟೇ ಅವನಿಗೆ ಬೇಕಾಗಿದ್ದುದು. ಮುಂದಿನ ಗವರ್ನರನೆಂದು ಆಗಲೇ ನಿಶ್ಚಿತನಾಗಿದ್ದ ಡ್ಯೂಪ್ರೆಯೇ ತನ್ನ ಬಳಿಗೆ ಸಂಧಾನಕ್ಕೆ ಬರಬೇಕೆಂದೂ, ಸ್ಮಿತ್ತನು ಇದ್ದಲ್ಲಿಯೇ ನಿಲ್ಲಬೇಕೆಂದೂ ಹೈದರನು ಹೇಳಿ ಕಳುಹಿಸಿದನು. ಎರಡೂ ಹಾಗೆಯೇ ನಡೆದುವು. ಕಾಲವನ್ನು ಗೊತ್ತುಮಾಡಿದವನು ಅವನು, ಸ್ಥಳವನ್ನು ಗೊತ್ತುಮಾಡಿದವನು ಅವನು, ಎದುರಾಳಿಯ ಪರವಾಗಿ ಮಾತನಾಡತಕ್ಕವನಾರೆಂಬುದನ್ನು ಗೊತ್ತುಮಾಡಿದವನೂ ಅವನೇ. ಮೇಲುಗೈಯನ್ನು ಪಡೆಯುವ ವಿದ್ಯೆಗೆ ಇದಕ್ಕಿಂತ ಉತ್ತಮವಾದ ನಿದರ್ಶನವು ನಮ್ಮ ಇತಿಹಾಸದಲ್ಲಿ ದುರ್ಲಭ. ಹೈದರನ ದಂಡಯಾತ್ರೆಯ ಸುದ್ದಿ ಲಂಡನ್ನಿಗೆ ತಲಪಿದಾಗ ಕುಂಪಣಿಯ ಷೇರುಗಳ ಬೆಲೆಯೇ ಕುಸಿದುಹೋಯಿತು.

ಆದರೆ ಆ ಮೇಲುಗೈಯಿಂದ ಹೈದರನು ಪಡೆದುದೇನು? ಪರಸ್ಪರ ಗೆದ್ದ ಪ್ರದೇಶಗಳನ್ನು ಹಿಂದಿರುಗಿಸುವುದು, ಸೆರೆಯಾಳುಗಳನ್ನು ಬಿಡುವುದು, ಇಬ್ಬರಲ್ಲಿ ಯಾರ ಮೇಲೆ ಪರರು ದಾಳಿಮಾಡಿದರೂ ಇನ್ನೊಬ್ಬರು ನೆರವಾಗುವುದು ಎಂಬುವು ಸಂಧಿಯ ಮುಖ್ಯ ಕಲಮುಗಳು. ಇವುಗಳಲ್ಲಿ ಮೂರನೆಯದೇ ಅವನ ಹೃದಯಕ್ಕೆ ಹತ್ತಿರವಾದುದು. ಏಕೆಂದರೆ ಪೇಶವೆ ಮಾಧವರಾಯನ ಭಯವು ಅವನನ್ನು ಸದಾ ಕಾಡುತ್ತಿತ್ತು. ಆ ಭಯವು ನಿಜವಾಗಲು ಎರಡು ವರ್ಷವೂ ಬೇಕಾಗಲಿಲ್ಲ. 1771ರ ಮಾರ್ಚಿಯಲ್ಲಿ ಚಿನಕುರಳಿಯ ಬಳಿ ಮರಾಠರು ಹೈದರನ ಸೈನ್ಯವನ್ನು ಧೂಳೀಪಟ ಮಾಡಿ ಶ್ರೀರಂಗಪಟ್ಟಣವನ್ನು ಸುತ್ತಿಕೊಂಡಾಗ ಅವನು ಕುಂಪಣಿಗೆ ಸಂಧಿಯನ್ನು ಜ್ಞಾಪಿಸಿದನು. ಕುಂಪಣಿಯು ಅದೂ ಇದೂ ಹೇಳಿ ಸುಮ್ಮನಾಯಿತು. ಬಾಗಿಲಿಗೆ ಬಂದ ಸವಾರರು ಹಿಂದಿರುಗಿದೊಡನೆ ಆ ಮಾತನ್ನು ನಡೆಸಿಕೊಡಬೇಕೆಂಬ ನಿರ್ಬಂಧವೂ ಅವರೊಡನೆ ಹಿಂದಿರುಗಿತ್ತು. ಹಣವನ್ನಾಗಲಿ ಕೋಟೆಯನ್ನಾಗಲಿ ಆಳುಗಳನ್ನಾಗಲಿ ಹೈದರನು ಒತ್ತೆಯಾಗಿ ಕೇಳಿರಲಿಲ್ಲ. ಕುದುರೆಯ ಮೇಲೆ ಕುಳಿತು ಸಂಪಾದಿಸಿದುದನ್ನು ಕಾಗದದ ಮೇಲಿನ ಭಾಷೆಗೆ ಮಾರಿದ್ದನು. ಈ ವಚನಭಂಗವನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. 1780ರಲ್ಲಿ ಅವನು ಮತ್ತೆ ಯುದ್ಧಕ್ಕೆ ಹೊರಡಲು ಇದ್ದ ಕಾರಣಗಳಲ್ಲಿ ಇದೂ ಒಂದು.

ಎರಡನೆಯ ಯುದ್ಧದ ನಡುವೆ, 1782ರ ಡಿಸೆಂಬರಿನಲ್ಲಿ, ಹೈದರನು ಚಿತ್ತೂರಿನ ಸಮೀಪದ ಶಿಬಿರದಲ್ಲಿ ತೀರಿಕೊಂಡನು. ಮರುವರ್ಷ ಟಿಪ್ಪುವು ಬಿದನೂರನ್ನು ಇಂಗ್ಲಿಷರಿಂದ ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಯನ್ನು ಮುತ್ತಿದನು. ಒಳಗೆ ಕರ್ನಲ್ ಕ್ಯಾಂಪ್‌ಬೆಲ್ಲನು ದಿಟ್ಟತನದಿಂದ ಕಾದಾಡುತ್ತಿದ್ದನು. ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಶಾಂತಿಯಾದ ಸುದ್ದಿ ಬಂದು, ಟಿಪ್ಪುವಿಗೆ ನೆರವಾಗಿದ್ದ ಫ್ರೆಂಚ್ ಪಡೆ ಮುತ್ತಿಗೆಯಿಂದ ಹಿಂದೆ ಸರಿದುದರಿಂದ ಆಗಸ್ಟಿನಲ್ಲಿ ಯುದ್ಧವಿರಾಮವಾಯಿತು. ಆದರೆ ಮುತ್ತಿಗೆ ತೆಗೆಯಲಿಲ್ಲ. ಕೋಟೆಯವರಿಗೆ ಸರಿಯಾದ ಆಹಾರವು ದೊರೆಯದೆ ರೋಗವೂ ಹಸಿವೂ ಸೈನ್ಯವನ್ನು ತಿನ್ನತೊಡಗಿದುವು. ಫಿರಂಗಿಗಳು ಮಾಡಲಾರದುದನ್ನು ಕಾಲವು ಮಾಡುತ್ತಿತ್ತು. ಕಾಲವಾದರೋ ಟಿಪ್ಪುವಿನ ಪಕ್ಷದಲ್ಲಿತ್ತು.

ಇತ್ತ ಮದರಾಸಿನ ಗವರ್ನರನಾಗಿದ್ದ ಲಾರ್ಡ್ ಮಕಾರ್ಟ್ನಿಯು ಬರಿದಾದ ಬೊಕ್ಕಸವನ್ನು ನೋಡುತ್ತ ಶಾಂತಿಗಾಗಿ ಹಾತೊರೆಯುತ್ತಿದ್ದನು. ಅವನು ಕಳುಹಿಸಿದ ಕಮಿಷನರುಗಳಲ್ಲಿ ಸ್ಯಾಡ್ಲಿಯರನಿಗೂ ಸ್ಟಾಂಟನನಿಗೂ ಒಮ್ಮತವಿರಲಿಲ್ಲ. ಅವರ ಜಗಳವನ್ನು ತೀರಿಸಲು ಹಡ್ಲ್‌ಸ್ಟನ್ ಎಂಬ ಮೂರನೆಯವನನ್ನು ಸೇರಿಸಬೇಕಾಯಿತು. ಇವರು ಮೈಸೂರಿನ ನೆಲದ ಉದ್ದಕ್ಕೂ ಮೈಸೂರಿನವರು ತೋರಿದ ದಾರಿಯಲ್ಲಿ, ಮೈಸೂರಿನವರು ಬಯಸಿದ ವೇಗದಲ್ಲಿ, ಮಂಗಳೂರಿನ ಕಡೆಗೆ ಸಾಗಿದರು. ಆ ವೇಳೆಗೆ ದಕ್ಷಿಣದಲ್ಲಿ ಕರ್ನಲ್ ಫುಲ್ಲಾರ್ಟನನು ಪಾಲ್ಘಾಟನ್ನೂ ಕೊಯಮತ್ತೂರನ್ನೂ ಹಿಡಿದು ಶ್ರೀರಂಗಪಟ್ಟಣದತ್ತ ನಡೆಯುವ ಸನ್ನಾಹದಲ್ಲಿದ್ದನು. ಕುಂಪಣಿಯ ಕೈಯಲ್ಲಿದ್ದ ಒಂದೇ ಒಂದು ಬಲವಾದ ಪಟ್ಟು ಅದು. ಸಂಧಾನಕ್ಕೆ ಅಡ್ಡಿಯಾದೀತೆಂಬ ಭಯದಿಂದ ಅವನನ್ನು ನಿಲ್ಲಿಸಿ ಹಿಂದೆ ಸರಿಯುವಂತೆ ಆಜ್ಞೆ ಹೋಯಿತು. 1784ರ ಜನವರಿ 30ರಂದು ಮಂಗಳೂರಿನ ಕೋಟೆಯು ಶರಣಾಗತವಾಯಿತು. ಕಮಿಷನರುಗಳು ಅಲ್ಲಿಗೆ ತಲಪಿದ್ದು ಅನಂತರ. ಯಾವ ಕೋಟೆಯನ್ನು ಉಳಿಸುವ ಆತುರದಿಂದ ಅವರು ಹೊರಟಿದ್ದರೋ ಆ ಕೋಟೆಯ ಮೇಲೆ ಸುಲ್ತಾನನ ಧ್ವಜವು ಹಾರಾಡುತ್ತಿತ್ತು.

ಮಾರ್ಚಿ 11ರಂದು ಆದ ಸಂಧಿಯ ಸುತ್ತ ಅನೇಕ ಕಥೆಗಳು ಬೆಳೆದಿವೆ. ಕಮಿಷನರುಗಳು ಬರಿದಲೆಯಲ್ಲಿ ಒಪ್ಪಂದದ ಕಾಗದವನ್ನು ಹಿಡಿದುಕೊಂಡು ಎರಡು ಗಂಟೆಗಳ ಕಾಲ ಸುಲ್ತಾನನ ಮುಂದೆ ನಿಂತಿದ್ದರೆಂದೂ, ಅವರ ಡೇರೆಗಳ ಎದುರಿನಲ್ಲಿ ಗಲ್ಲುಮರಗಳನ್ನು ನೆಡಿಸಿದ್ದರೆಂದೂ ಇಂಗ್ಲಿಷರೇ ಬರೆದಿದ್ದಾರೆ. ಸೋತವರು ಹೇಳುವ ಅವಮಾನದ ಕಥೆಗಳಲ್ಲಿ ಉತ್ಪ್ರೇಕ್ಷೆಯು ಸಹಜ. ಆದರೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಗೆ ಈ ಸಂಧಿಯು ಸ್ವಲ್ಪವೂ ರುಚಿಸಲಿಲ್ಲವೆಂಬುದು ನಿಜ. ಹಾಗೆಂದು ಕಾಗದವನ್ನು ಬಿಚ್ಚಿ ಓದಿದರೆ, ಅದರಲ್ಲಿರುವುದು ಮತ್ತೆ ಯಥಾಸ್ಥಿತಿಯೇ. ಇಬ್ಬರೂ ಹಿಡಿದ ಊರುಗಳನ್ನು ಬಿಟ್ಟುಕೊಡತಕ್ಕದ್ದು, ಸೆರೆಯಾಳುಗಳನ್ನು ಒಪ್ಪಿಸತಕ್ಕದ್ದು, ಕುಂಪಣಿಯ ವ್ಯಾಪಾರದ ಹಕ್ಕುಗಳು ಹೈದರನ ಕಾಲದಲ್ಲಿದ್ದಂತೆಯೇ ನಡೆಯತಕ್ಕದ್ದು. ಟಿಪ್ಪುವು ತನ್ನ ಮೇಲುಗೈಯ ಬಹುಭಾಗವನ್ನು ಗೌರವಕ್ಕಾಗಿ ವೆಚ್ಚಮಾಡಿದನು. ರಾಜನಾದವನಿಗೆ ಗೌರವವೂ ಒಂದು ಬಲವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕುಂಪಣಿಯವರನ್ನು ನಾಚಿಸಿದುದರಿಂದ ಅವರ ಶಕ್ತಿ ಕುಂದಲಿಲ್ಲ, ಸೇಡು ಮಾತ್ರ ಬೆಳೆಯಿತು. ಅದರ ಮರುವರ್ಷವೇ ನರಗುಂದ ಕಿತ್ತೂರುಗಳ ವಿಷಯದಲ್ಲಿ ಮರಾಠರೊಡನೆ ವೈರವನ್ನು ಕಟ್ಟಿಕೊಂಡು, 1787ರವರೆಗೆ ಅವರೊಡನೆಯೂ ನಿಜಾಮನೊಡನೆಯೂ ಕಾದಾಡಿದುದರಿಂದ, ಕುಂಪಣಿಗೆ ಮುಂದೆ ಬೇಕಾಗುವ ಮಿತ್ರರನ್ನು ಸುಲ್ತಾನನೇ ಸಿದ್ಧಪಡಿಸಿಕೊಟ್ಟಂತಾಯಿತು.

ಆ ಮಿತ್ರರನ್ನು ಕೂಡಿಸಿದವನು ಮುಂದಿನ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. 1789ರ ಜುಲೈಯಲ್ಲಿ ಅವನು ನಿಜಾಮನಿಗೆ ಒಂದು ಕಾಗದವನ್ನು ಬರೆದು, ಕುಂಪಣಿಯು ಒದಗಿಸುವ ಸೈನ್ಯವನ್ನು ಯಾವ ಯಾವ ಮಿತ್ರರಾಜ್ಯಗಳ ಮೇಲೆ ಉಪಯೋಗಿಸಕೂಡದೆಂಬ ಪಟ್ಟಿಯನ್ನು ಕೊಟ್ಟನು. ಆ ಪಟ್ಟಿಯಲ್ಲಿ ಮೈಸೂರಿನ ಹೆಸರನ್ನು ಬಿಟ್ಟನು. ಟಿಪ್ಪುವಿನ ವಿರುದ್ಧ ಒಂದಕ್ಷರವನ್ನೂ ಬರೆಯದೆ, ಬರೆಯದುದರಿಂದಲೇ ಎಲ್ಲವನ್ನೂ ತಿಳಿಸಿದನು. ತಿರುವಾಂಕೂರಿನ ಗಡಿಯಲ್ಲಿ ಜಗಳವೆದ್ದು ಯುದ್ಧವು ಬಂದಾಗ, 1790ರಲ್ಲಿ ಪೇಶವೆಯೊಡನೆಯೂ ನಿಜಾಮನೊಡನೆಯೂ ಒಪ್ಪಂದಗಳಾದುವು. ಗೆದ್ದ ನಾಡನ್ನು ಮೂವರೂ ಸಮನಾಗಿ ಹಂಚಿಕೊಳ್ಳತಕ್ಕದ್ದು, ಶತ್ರುವಿನೊಡನೆ ಒಬ್ಬರೇ ಬೇರೆಯಾಗಿ ಸಂಧಿ ಮಾಡಿಕೊಳ್ಳಕೂಡದು ಎಂಬುದು ಅವುಗಳ ಸಾರ. ಮೂವರಲ್ಲಿ ಒಬ್ಬನನ್ನು ಬಿಡಿಸಿ ತನ್ನ ಕಡೆಗೆ ತಿರುಗಿಸಿಕೊಳ್ಳುವ ದಾರಿಯು ಟಿಪ್ಪುವಿಗೆ ಹೀಗೆ ಮುಚ್ಚಿಹೋಯಿತು.

1792ರ ಫೆಬ್ರವರಿ 6ರ ರಾತ್ರಿಯ ದಾಳಿಯಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹೊರಗಿನ ನೆಲೆಗಳನ್ನೂ ದ್ವೀಪದ ಒಂದು ಭಾಗವನ್ನೂ ವಶಪಡಿಸಿಕೊಂಡನು. ಕೆಲವು ದಿನಗಳಲ್ಲಿ ಸಂಧಾನದ ಡೇರೆ ಎದ್ದಿತು. ಸುಲ್ತಾನನ ಪರವಾಗಿ ಗುಲಾಮ್ ಅಲಿಖಾನನೂ ಅಲಿ ರಜಾಖಾನನೂ, ಕುಂಪಣಿಯ ಪರವಾಗಿ ಸರ್ ಜಾನ್ ಕೆನಾವೆಯೂ, ನಿಜಾಮನ ಪರವಾಗಿ ಮೀರ್ ಆಲಮನೂ ಕುಳಿತರು. ಮರಾಠರ ವಕೀಲರೂ ಇದ್ದರು. ಮಾತು ನಡೆಯುತ್ತಿದ್ದಷ್ಟು ಕಾಲವೂ ಮುತ್ತಿಗೆಯ ಕಂದಕಗಳು ಕೋಟೆಯ ಕಡೆಗೆ ಬೆಳೆಯುತ್ತಲೇ ಇದ್ದುವು. ಮುಂಬಯಿಯಿಂದ ಹೊರಟ ಅಬರ್‌ಕ್ರೋಂಬಿಯ ಸೈನ್ಯವೂ ಅಷ್ಟರಲ್ಲಿ ಬಂದು ಸೇರಿತು. ಫುಲ್ಲಾರ್ಟನನನ್ನು ನಿಲ್ಲಿಸಿದ ಮದರಾಸಿನವರ ತಪ್ಪನ್ನು ಕಾರ್ನ್‌ವಾಲಿಸನು ಮಾಡಲಿಲ್ಲ. ರಾಜ್ಯದ ಅರ್ಧಭಾಗ, 3 ಕೋಟಿ 30 ಲಕ್ಷ ರೂಪಾಯಿ, ಎಲ್ಲ ಸೆರೆಯಾಳುಗಳ ಬಿಡುಗಡೆ, ಇವೆಲ್ಲಕ್ಕೂ ಭದ್ರತೆಯಾಗಿ ಸುಲ್ತಾನನ ಇಬ್ಬರು ಮಕ್ಕಳು: ಇವು ಅವನ ಷರತ್ತುಗಳು. ಹಣದಲ್ಲಿ ಅರ್ಧವನ್ನು ಕೂಡಲೇ, ಉಳಿದ ಅರ್ಧವನ್ನು ಕಂತುಗಳಲ್ಲಿ ಸಲ್ಲಿಸತಕ್ಕದ್ದು. ಅರ್ಧರಾಜ್ಯವೆಂದರೆ ನೆಲದ ಅಳತೆಯಲ್ಲಿ ಅರ್ಧವಲ್ಲ, ಕಂದಾಯದ ಹುಟ್ಟುವಳಿಯಲ್ಲಿ ಅರ್ಧ. ಆದ್ದರಿಂದ ಲೆಕ್ಕಪತ್ರಗಳನ್ನು ಹಿಡಿದು ವಕೀಲರು ದಿನಗಟ್ಟಲೆ ವಾದಿಸಿದರು.

ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಎಳೆಯ ರಾಜಕುಮಾರರು ಆನೆಗಳ ಮೇಲೆ ಕಾರ್ನ್‌ವಾಲಿಸನ ಶಿಬಿರಕ್ಕೆ ಬಂದರು. ಅವನು ಅವರನ್ನು ತಂದೆಯಂತೆ ಬರಮಾಡಿಕೊಂಡನೆಂದು ಇಂಗ್ಲಿಷ್ ಚಿತ್ರಕಾರರು ದೊಡ್ಡ ದೊಡ್ಡ ಪಟಗಳನ್ನು ಬರೆದಿದ್ದಾರೆ. ಆ ವಾತ್ಸಲ್ಯದ ಬೆಲೆಯು ಬೇಗನೆ ತಿಳಿದುಬಂದಿತು. ಬಿಟ್ಟುಕೊಡಬೇಕಾದ ಪ್ರದೇಶಗಳ ಪಟ್ಟಿಯಲ್ಲಿ ಕೊಡಗು ಸೇರಿರುವುದನ್ನು ಕಂಡು ಸುಲ್ತಾನನು ಕೆರಳಿದನು. ಕೊಡಗು ತನ್ನ ರಾಜಧಾನಿಯ ಬಾಗಿಲು, ಅದನ್ನು ಹೇಗೆ ಕೊಡಲಿ ಎಂದು ವಾದಿಸಿದನು. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಹಣದ ದೊಡ್ಡ ಭಾಗವು ಆಗಲೇ ಶಿಬಿರವನ್ನು ಸೇರಿತ್ತು, ಮಕ್ಕಳೂ ಸೇರಿದ್ದರು. ಕಾರ್ನ್‌ವಾಲಿಸನು ಫಿರಂಗಿಗಳನ್ನು ಮತ್ತೆ ಅವುಗಳ ನೆಲೆಗೆ ತರಿಸಿದನು, ರಾಜಕುಮಾರರ ಕಾವಲಿನವರ ಆಯುಧಗಳನ್ನು ಕಿತ್ತುಕೊಂಡು ಅವರನ್ನು ದೂರಕ್ಕೆ ಸಾಗಿಸುವ ಏರ್ಪಾಡು ಮಾಡಿದನು. ಸುಲ್ತಾನನು ಕೊಡಗನ್ನು ಬಿಟ್ಟನು. ಮಾರ್ಚಿಯಲ್ಲಿ ಸಂಧಿಯು ಸ್ಥಿರವಾಯಿತು. ಮಕ್ಕಳು ಹಿಂದಿರುಗಿದ್ದು 1794ರಲ್ಲಿ.

ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಈ ವಿಷಯವೇ ಚರ್ಚೆಗೆ ಬಂದಿದೆ. ಸತ್ಯದಿಂದಲೋ ಶಪಥದಿಂದಲೋ ಆದ ಸಂಧಿಯು ಚಂಚಲವೆಂದೂ, ಜಾಮೀನಿನಿಂದಲೋ ಒತ್ತೆಯಿಂದಲೋ ಆದುದು ಸ್ಥಿರವೆಂದೂ ಪೂರ್ವಾಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ: ಸತ್ಯವೂ ಶಪಥವೂ ಇಹಪರಗಳೆರಡರಲ್ಲಿಯೂ ಕಟ್ಟುತ್ತವೆ, ಜಾಮೀನೂ ಒತ್ತೆಯೂ ಇಹಕ್ಕೆ ಮಾತ್ರ, ಅದೂ ಬಲವಿರುವಷ್ಟು ಕಾಲ ಎಂದು ಅವನ ಸಿದ್ಧಾಂತ. ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಿಂದಲೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟರು. ಮೈಸೂರಿನ ಚರಿತ್ರೆಯಾದರೋ ಪೂರ್ವಾಚಾರ್ಯರ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ಪರಲೋಕದ ಭಯವಿಲ್ಲದ ವರ್ತಕ ಮಂಡಲಿಯೊಡನೆ ವ್ಯವಹರಿಸುವಾಗ ಶಪಥಕ್ಕೆ ಯಾವ ಬೆಲೆಯೂ ಇರಲಿಲ್ಲ.

ನಾಲ್ಕನೆಯ ಯುದ್ಧದಲ್ಲಿ, 1799ರ ಏಪ್ರಿಲಿನಲ್ಲಿ, ಕುಂಪಣಿಯ ಪರವಾಗಿ ಜನರಲ್ ಹ್ಯಾರಿಸನು ಮುಂದಿಟ್ಟ ಷರತ್ತುಗಳಲ್ಲಿ ಉಳಿದ ರಾಜ್ಯದ ಅರ್ಧ, 2 ಕೋಟಿ ರೂಪಾಯಿ, ನಾಲ್ವರು ಮಕ್ಕಳು, ನಾಲ್ವರು ಸರದಾರರು ಇದ್ದರು. ಉತ್ತರಕ್ಕೆ ಕೊಟ್ಟ ಅವಧಿ 24 ಗಂಟೆ. ಅದನ್ನು ಸಂಧಾನವೆಂದು ಕರೆಯುವುದು ಮಾತಿನ ಉಪಚಾರ ಮಾತ್ರ. ಮೇ 4ರಂದು ಕೋಟೆಯೊಡೆದು ಒಳನುಗ್ಗಿದ ಪಡೆಯ ನಾಯಕನಾದ ಬೇರ್ಡನು, 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿಯೇ ವರ್ಷಗಟ್ಟಲೆ ಬಂಧನದಲ್ಲಿದ್ದು, ಮಂಗಳೂರಿನ ಸಂಧಿಯ ಪ್ರಕಾರ ಬಿಡುಗಡೆ ಹೊಂದಿದವನು. ತಂದೆಮಕ್ಕಳಿಬ್ಬರೂ ಮೇಲುಗೈಯನ್ನು ಸಂಪಾದಿಸುವುದರಲ್ಲಿ ಕುಂಪಣಿಯವರಿಗಿಂತ ಕುಶಲರಾಗಿದ್ದರು; ಅದು ಕೈಯಲ್ಲಿದ್ದ ದಿನಗಳಲ್ಲಿ ನಾಳೆಗೆ ಭದ್ರತೆಯನ್ನು ಕೇಳಲಿಲ್ಲ. ಕಾರ್ನ್‌ವಾಲಿಸನು ಕೇಳಿದನು, ಅದರಿಂದಲೇ ಏಳು ವರ್ಷಗಳ ಅನಂತರ ಮೈಸೂರು ಅರ್ಧಬಲದಿಂದ ಕಾದಬೇಕಾಯಿತು.