ಗಂಟಲಬ್ಯಾನಿ

ಕಳೆದ ಮಾಗಿಯ ಚಳಿಯಲ್ಲಿ ಹುನಗುಂದದ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಒಂದು ಕರು ಸತ್ತಿತು. ಎರಡು ತಿಂಗಳ ಹೋರಿಗರು. ಮೊದಲು ಕೆಮ್ಮು, ಆಮೇಲೆ ಮೂಗಿನಲ್ಲಿ ಸಿಂಬಳ, ಕೊನೆಗೆ ಕಮ್ಮಾರನ ತಿದಿಯಂತೆ ಏರಿಳಿಯುವ ಪಕ್ಕೆ. ದನದ ಡಾಕ್ಟರು ಬಂದು, ಪುಪ್ಪುಸಕ್ಕೆ ಸೋಂಕು ಹತ್ತಿದೆ, ಐದು ದಿನ ತಪ್ಪದೆ ಇಂಜೆಕ್ಷನ್ ಆಗಬೇಕು ಎಂದರು. ಎರಡು ದಿನಕ್ಕೇ ಕರು ಎದ್ದು ಮೊಲೆಗೆ ಬಾಯಿಟ್ಟಿತು. ತಮ್ಮ ಬಾಗಲಕೋಟೆಗೆ ಫೋನು ಮಾಡಿ, “ಯಣ್ಣಾ, ಕರ ಆರಾಮ ಆಗೇತಿ. ಇನ್ನ ಮೂರ ಸೂಜಿ ಯಾಕ ಬೇಕು?” ಎಂದ. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ತಿಳಿದವನು. “ಬ್ಯಾಡ ಬಿಡು” ಎಂದೆ. ವಾರದೊಳಗೆ ಜ್ವರ ಮರಳಿತು. ಅದೇ ಔಷಧ ಈ ಸಲ ನಾಟಲಿಲ್ಲ.

ಅಂದಿನಿಂದ ದನಗಳ ಬೇನೆಯ ಚರಿತ್ರೆಯನ್ನು ಓದುವ ಹುಚ್ಚು ನನಗೆ ಹತ್ತಿದೆ. ಕನ್ನಡದ ಮೇಷ್ಟ್ರಿಗೆ ಇದೇಕೆಂದು ವಾಚಕರು ನಗಬಹುದು. ‘ಬೇನೆ’ಯೆಂಬುದು ‘ವೇದನೆ’ಯ ತದ್ಭವವೆಂದು ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದರ ಅರ್ಥವಾದದ್ದು ಆ ಕರುವಿನ ಮುಂದೆ ಕುಳಿತ ರಾತ್ರಿ.

ನಮ್ಮ ಕಡೆ ದನಗಳ ಉಸಿರು ಹಿಡಿಯುವ ರೋಗಗಳಲ್ಲಿ ಹೆಸರಾದದ್ದು ಗಂಟಲಬ್ಯಾನಿ. ಪಶುವೈದ್ಯರು ಇದನ್ನು ಗಳಲೆ ರೋಗವೆನ್ನುತ್ತಾರೆ. ಮಳೆಗಾಲದ ತೇವದಲ್ಲಿ ಗಂಟಲು ಬಾತು, ಗೊರಗೊರ ಸದ್ದಾಗಿ, ಒಂದೆರಡು ದಿನದಲ್ಲಿ ಎಮ್ಮೆಯಂಥ ಎಮ್ಮೆಯೂ ಉರುಳಿಬೀಳುವುದುಂಟು. ಇದರ ಸೂಕ್ಷ್ಮಜೀವಿಗೆ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂದು ಹೆಸರು. ಕರುಗಳ ಪುಪ್ಪುಸವನ್ನು ಹಿಡಿಯುವುದರಲ್ಲಿಯೂ ಇದೇ ಕುಲದ ಬೇರೊಂದು ಬಳಗದ ಕೈಯಿದೆ. ಕೋಳಿಗಳಿಗೆ ಕಾಲರಾ ತರುವುದೂ ಇದೇ ಕುಲ. 1880ರ ಸುಮಾರಿಗೆ ಲೂಯಿ ಪಾಶ್ಚರನು ಹಳೆಯದಾಗಿ ಕಸುವು ಕಳೆದುಕೊಂಡ ಈ ಜೀವಿಯನ್ನು ಕೋಳಿಗಳಿಗೆ ಚುಚ್ಚಿದನು. ಅವು ಸಾಯಲಿಲ್ಲ, ಮುಂದೆ ಕಸುವುಳ್ಳದ್ದನ್ನು ಚುಚ್ಚಿದಾಗಲೂ ತಾಳಿಕೊಂಡವು. ಪ್ರಯೋಗಶಾಲೆಯಲ್ಲಿ ಮಾಡಿದ ಲಸಿಕೆಗಳ ವಂಶವೃಕ್ಷದ ಬೇರು ಅಲ್ಲಿದೆ.

ಆ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋದದ್ದು 1885ರಲ್ಲಿ. ನಾಲ್ಕು ವರ್ಷ ಕಳೆದು, 1889ರಲ್ಲಿ, ಅದೇ ಪ್ರಾಂತದ ಪುಣೆಯಲ್ಲಿ ಪಶುರೋಗಗಳ ಸಂಶೋಧನೆಗೆಂದು ಪ್ರಯೋಗಶಾಲೆಯೊಂದು ತೆರೆಯಿತು. ಆಲ್ಫ್ರೆಡ್ ಲಿಂಗಾರ್ಡ್ ಅದರ ಮುಖ್ಯಸ್ಥ. ರೋಗಾಣುಗಳನ್ನು ಸಾಕುವ ಮನೆ ಜನವಸತಿಯಿಂದ ದೂರವಿರಲೆಂದು ಅದನ್ನು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಲಸಿಕೆ ಹಳ್ಳಿಯನ್ನು ಮುಟ್ಟುವ ಮೊದಲು ನಮ್ಮ ಹಿರಿಯರಲ್ಲಿದ್ದದ್ದು ಬರೆ, ಹರಕೆ, ಮತ್ತು ರೋಗದ ದನವನ್ನು ಬೇರೆ ಕಟ್ಟುವ ರೂಢಿ. ಬರೆಯಿಂದ ಮೂಕಪ್ರಾಣಿಗೆ ನೋವಲ್ಲದೆ ಮತ್ತೇನೂ ದಕ್ಕಲಿಲ್ಲ. ಬೇರೆ ಕಟ್ಟುವುದು ಮಾತ್ರ ಇಂದಿಗೂ ಶಾಸ್ತ್ರಸಮ್ಮತ. ಆದರೆ ಬನಶಂಕರಿ ಜಾತ್ರೆಯಲ್ಲೋ ಅಮೀನಗಡದ ಸಂತೆಯಲ್ಲೋ ಹತ್ತೂರಿನ ದನಗಳು ಒಂದೇ ಕಡೆ ಮೂಗಿಗೆ ಮೂಗು ತಾಗಿಸಿ ನಿಲ್ಲುವಾಗ, ದಣಿದ ಪ್ರಾಣಿಯ ಗಂಟಲಲ್ಲಿ ಅಡಗಿದ್ದ ಜೀವಿ ಹಗ್ಗ ಬಿಚ್ಚಿಕೊಳ್ಳದೆ ಇದ್ದೀತೆ!

ಇನ್ನು ಪೆನಿಸಿಲಿನ್ನಿನ ಮಾತು. ಅದನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗನು 1945ರ ಡಿಸೆಂಬರಿನಲ್ಲಿ ನೊಬೆಲ್ ಬಹುಮಾನ ಪಡೆದು ಭಾಷಣ ಮಾಡುತ್ತ ಒಂದು ಕಲ್ಪಿತ ಕತೆ ಹೇಳಿದನು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಂಡ. ಸಾಯದೆ ಉಳಿದ ಜೀವಿಗಳು ಔಷಧಕ್ಕೆ ಪಳಗಿದವು. ಅವು ಹೆಂಡತಿಗೆ ತಗಲಿ ಆಕೆ ತೀರಿಕೊಂಡಳು. ಔಷಧ ಜಗತ್ತಿಗೆ ಕಾಲಿಟ್ಟ ಹೊಸತರಲ್ಲೇ ಆಡಿದ ಮಾತಿದು. ಅಲ್ಲಿಯೂ ಗಂಟಲಬ್ಯಾನಿಯೇ! 1954ರಲ್ಲಿ ಪುಣೆಯ ಪಕ್ಕದ ಪಿಂಪ್ರಿಯಲ್ಲಿ ಸರಕಾರದ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಗಿ ನಮ್ಮ ದೇಶವೇ ಪೆನಿಸಿಲಿನ್ ಮಾಡತೊಡಗಿತು. ಔಷಧ ಅಗ್ಗವಾದದ್ದು ದೊಡ್ಡ ಉಪಕಾರ. ಆ ಕತೆಯೂ ಜೊತೆಗೆ ಬಂದಿದ್ದರೆ ಚೆನ್ನಾಗಿತ್ತು.

ಕೋಟಿಗಟ್ಟಲೆ ಜೀವಿಗಳಲ್ಲಿ ನಾಲ್ಕಾರು ಹುಟ್ಟಿನಿಂದಲೇ ಗಟ್ಟಿ. ಅರ್ಧ ಔಷಧ ಮೆತ್ತನೆಯವನ್ನು ಕೊಂದು ಗಟ್ಟಿಯವಕ್ಕೆ ಹೊಲ ಹಸನು ಮಾಡಿಕೊಡುತ್ತದೆ. ಅವು ಆ ವಿದ್ಯೆಯನ್ನು ಬೇರೆ ಕುಲದವಕ್ಕೂ ದಾಟಿಸುತ್ತವೆ. ಮೈಕೋಪ್ಲಾಸ್ಮಾ ಎಂಬುದಂತೂ ಇನ್ನೊಂದು ಬಗೆ. ಪೆನಿಸಿಲಿನ್ ಕೆಡಹುವುದು ಜೀವಿಯ ಸುತ್ತಲಿನ ಗೋಡೆಯನ್ನು. ಇದಕ್ಕೆ ಗೋಡೆಯೇ ಇಲ್ಲ. ಯಾವ ಸೂಜಿಯೆಂದು ವೈದ್ಯರೇ ಹೇಳಬೇಕು, ಔಷಧದಂಗಡಿಯವನಲ್ಲ. ಕೊಟ್ಟಿಗೆಯ ಸುದ್ದಿ ನಮಗೇಕೆಂದು ಪಟ್ಟಣದವರು ಪುಟ ತಿರುವಬಾರದು. ಮನುಷ್ಯರ ಆಸ್ಪತ್ರೆಯಲ್ಲಿ ಕಟ್ಟಕಡೆಗೆ ಕೈಹಾಕುವ ಕೊಲಿಸ್ಟಿನ್ ಔಷಧವನ್ನು ಸಾಕುಪ್ರಾಣಿಗಳಿಗೆ ಕೊಡಬಾರದೆಂದು ಭಾರತ ಸರಕಾರ 2019ರಲ್ಲಿ ನಿಷೇಧಿಸಬೇಕಾಯಿತು.

ಓದುತ್ತ ನನ್ನನ್ನು ಹೆಚ್ಚು ನಾಚಿಸಿದ್ದು ಗಿಣ್ಣದ ವಿಷಯ. ತಾಯಿಯ ರಕ್ತದ ರಕ್ಷಣೆ ಕರುವಿಗೆ ಗರ್ಭದಲ್ಲಿ ಇಳಿಯುವುದಿಲ್ಲ, ಬರುವುದೆಲ್ಲ ಗಿಣ್ಣದಲ್ಲಿಯೇ. ಮೊದಲ ಕೆಲವು ತಾಸು ಕರುಳು ಅದನ್ನು ಹಾಗೆಯೇ ಹೀರುತ್ತದೆ. ಒಂದು ದಿನ ಕಳೆದರೆ ಬಾಗಿಲು ಮುಚ್ಚಿದಂತೆ. ನಮ್ಮಲ್ಲಿ ಮೊದಲ ಗಿಣ್ಣಕ್ಕೆ ಬೆಲ್ಲ ಏಲಕ್ಕಿ ಕೂಡಿಸಿ ಬೇಯಿಸಿ ನೆರೆಮನೆಗೂ ಹಂಚುವ ಪದ್ಧತಿ. ಆ ಹೋರಿಗರು ಹುಟ್ಟಿದಾಗ ಇಳಕಲ್ಲಿನ ಅಕ್ಕನ ಮನೆಗೂ ಒಂದು ಡಬ್ಬಿ ಹೋಗಿತ್ತು. ಅದನ್ನು ಒಯ್ದು ಕೊಟ್ಟವನು ನಾನೇ.

ಮೊನ್ನೆ ಆ ಆಕಳು ಮತ್ತೆ ಈದಿತು. ನಸುಕಿನಲ್ಲಿ ಹಳ್ಳಿಗೆ ಹೋದೆ. ಅವ್ವ ಪಾತ್ರೆ ತೊಳೆದು ಹಿಡಿದುಕೊಂಡು ನಿಂತಿದ್ದಳು. “ಮೊದಲ ಕರ ಕುಡೀಲಿ, ಅವ್ವಾ,” ಎಂದೆ. ಅವಳು ನನ್ನ ಮುಖ ನೋಡಿ, ಏನೂ ಅನ್ನದೆ, ಪಾತ್ರೆಯನ್ನು ಬೋರಲು ಹಾಕಿ ಒಳಗೆ ಹೋದಳು.