ಕೊಯ್ದ ಮೂಗು ಮತ್ತೆ ಬಂದ ಕಥೆ

ಬಸ್ಸಲ್ಲಿದ್ದೀರೋ, ಮಿಲ್ಲಿನ ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದೀರೋ ಗೊತ್ತಿಲ್ಲ. ಜೋಯಿಡಾ ಕಡೆ ಹೊರಟಿದ್ರೆ ಮಾತ್ರ ಈ ಎಪಿಸೋಡನ್ನ ಈಗಲೇ ಡೌನ್‌ಲೋಡ್ ಮಾಡ್ಕೊಂಡ್ಬಿಡಿ. ಕಾಡಿನೊಳಗೆ ನೆಟ್‌ವರ್ಕ್ ಅಷ್ಟಕ್ಕಷ್ಟೆ.

ದಾಂಡೇಲಿಯ ಹುಡುಗನೊಬ್ಬ ಮೂಗು ತಿದ್ದಿಸ್ಕೊಳ್ಳೋಕೆ ಇಸ್ತಾಂಬುಲ್‌ಗೆ ಹೊರಟಿದ್ದಾನೆ ಅಂತ ಇಟ್ಕೊಳ್ಳಿ. ಪಾಸ್‌ಪೋರ್ಟಿಗೆ ಹುಬ್ಬಳ್ಳಿಗೆ ಓಡಾಡಿದ್ದಾಯ್ತು. ಇನ್‌ಸ್ಟಾಗ್ರಾಂನಲ್ಲಿ ಕ್ಲಿನಿಕ್‌ನ ಹಳೇ ಮೂಗು, ಹೊಸ ಮೂಗಿನ ಫೋಟೊ ನೋಡಿದ್ದಾಯ್ತು. ಆಪರೇಷನ್, ಹೋಟೆಲ್, ಏರ್‌ಪೋರ್ಟ್ ಪಿಕಪ್ ಎಲ್ಲ ಸೇರಿ ಒಂದೇ ಪ್ಯಾಕೇಜ್. ಮನೇಲಿ ಅವ್ವ ಮಾತ್ರ, 'ಇರೋ ಮೂಗಿಗೆ ಏನಾಗೇತೋ?' ಅಂತ ಕೇಳ್ತಾನೇ ಇದ್ದಾಳೆ. (ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹುಡುಗರಿಗೆ ಇದೇ ಪ್ರಯಾಣ ಇನ್ನೂ ಉದ್ದ. ಅವರಲ್ಲಿ ಎಷ್ಟೋ ಜನರ ಕೈಲಿರೋದು ಪಾಸ್‌ಪೋರ್ಟ್ ಅಲ್ಲ, ಹಳದಿ ಬಣ್ಣದ ಗುರುತಿನ ಪುಸ್ತಕ.)

ಇದೆಲ್ಲ ಈಗಿನ ಕಾಲದ ಶೋಕಿ ಅನ್ನೋರು ಬಹಳ. ಆದರೆ ಹೊಸ ಮೂಗು ಕಟ್ಟಿಸಿಕೊಂಡ ಒಬ್ಬನ ಕಥೆ 1793ರದ್ದು. ಅದು ಶುರುವಾಗೋದು ನಮ್ಮದೇ ಶ್ರೀರಂಗಪಟ್ಟಣದ ಹತ್ತಿರ.

ಆಗ ನಕ್ಷೆ ಹೇಗಿತ್ತು ಅಂತ ಮೊದಲು ನೋಡೋಣ. 1790ರಿಂದ 1792ರವರೆಗೆ ಮೂರನೇ ಮೈಸೂರು ಯುದ್ಧ. ಒಂದು ಕಡೆ ಟಿಪ್ಪು, ಇನ್ನೊಂದು ಕಡೆ ಇಂಗ್ಲಿಷರು, ಮರಾಠರು, ನಿಜಾಮ. ಮರಾಠರ ಸೈನ್ಯ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1791ರ ಏಪ್ರಿಲ್‌ನಲ್ಲಿ ಗೆದ್ದುಕೊಂಡಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಧಾರವಾಡ ಮರಾಠರ ಪಾಲಾಯ್ತು. ಹಳಿಯಾಳ, ಸೂಪಾ ಕಡೆ ಮಾತ್ರ ಟಿಪ್ಪುವಿನ ರಾಜ್ಯದಲ್ಲೇ ಉಳಿಯಿತು. ಅಂದ್ರೆ ಇವತ್ತು ನಾವು ಸಂತೆಗೆ, ದವಾಖಾನೆಗೆ ಅಂತ ಬಸ್ಸು ಹತ್ತಿ ಹೋಗೋ ಧಾರವಾಡ, ಹಳಿಯಾಳದವರಿಗೆ ಆಗ ಪರರಾಜ್ಯ!

ಆ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯೋ ಕೆಲಸ ಮಾಡ್ತಿದ್ದ ಒಬ್ಬ ಮರಾಠ ರೈತ. ಹೆಸರು ಕಾವಸ್‌ಜಿ. ಪಾರ್ಸಿ ಹೆಸರಿನ ಹಾಗೆ ಕೇಳಿಸುತ್ತೆ, ಆದರೆ ದಾಖಲೆಯಲ್ಲಿರೋದು ಒಕ್ಕಲುತನದ ಮರಾಠ ಅಂತ. ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿಬಿದ್ದ. ಮೂಗು ಮತ್ತು ಒಂದು ಕೈ ಕತ್ತರಿಸಿ ಬಿಟ್ಟರು. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಬಳಿಯಿದ್ದ ಬಾಂಬೆ ಸೈನ್ಯವನ್ನ ಸೇರಿಕೊಂಡ.

ಮೂಗೇ ಯಾಕೆ? ಕೈ ಕತ್ತರಿಸಿದ್ರೆ ದುಡಿಮೆ ಹೋಗುತ್ತೆ, ಮೂಗು ಕೊಯ್ದರೆ ಮಾನ ಹೋಗುತ್ತೆ. ಶೂರ್ಪನಖಿಯ ಕಾಲದಿಂದ ನಮ್ಮ ಕಥೆಗಳಲ್ಲಿ ಇದಿದೆ. ಇದು ಟಿಪ್ಪು ಒಬ್ಬನ ಲೆಕ್ಕಕ್ಕೆ ಬರೆಯೋ ವಿಷಯವೂ ಅಲ್ಲ. ಅವನಿಗಿಂತ ನೂರು ವರ್ಷಕ್ಕೂ ಮೊದಲು, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮೈಸೂರು ಮತ್ತು ಮಧುರೆ ನಡುವೆ ನಡೆದ ಕಾಳಗಕ್ಕೆ ಮೂಗಿನ ಯುದ್ಧ ಅಂತಲೇ ಹೆಸರು. ಅಲ್ಲೂ ಎರಡೂ ಕಡೆಯವರು ಮೂಗು ಕೊಯ್ದವರೇ. ಟಿಪ್ಪುವನ್ನ ಕ್ರೂರಿ ಅಂತ ತೋರಿಸೋಕೆ ಇಂಗ್ಲಿಷರಿಗೆ ಕಾವಸ್‌ಜಿಯ ಮುಖ ಅನುಕೂಲವಾಗಿ ಸಿಕ್ಕಿತು ಅನ್ನೋದನ್ನೂ ಮರೀಬಾರದು.

ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಮೂಗಿಲ್ಲದೆ ಬದುಕಿದ. ಆಮೇಲೆ, 1793ರ ಮಾರ್ಚ್ ಹೊತ್ತಿಗೆ, ಪುಣೆಯ ಹತ್ತಿರ ಒಬ್ಬನಿಂದ ಹೊಸ ಮೂಗು ಕಟ್ಟಿಸಿಕೊಂಡ. ಶ್ರೀರಂಗಪಟ್ಟಣದಿಂದ ಪುಣೆಗೆ ಇವತ್ತಿನ ರಸ್ತೆಯಲ್ಲಿ 800 ಕಿಲೋಮೀಟರಿಗೂ ಜಾಸ್ತಿ. ಮೂಗು ಕಟ್ಟಿದವನು ಡಾಕ್ಟರ್ ಅಲ್ಲ, ಇಟ್ಟಿಗೆ ಮಾಡೋ ಜಾತಿಯವನು. ನಮ್ಮ ಮಾತಲ್ಲಿ ಕುಂಬಾರ.

ಅವನು ಮಾಡಿದ್ದು ಹೀಗೆ. ಮೊದಲು ತೆಳ್ಳಗಿನ ಮೇಣದ ಹಾಳೆಯನ್ನ ಉಳಿದ ಮೂಗಿನ ಬುಡದ ಮೇಲಿಟ್ಟು ಚೆಂದದ ಮೂಗಿನ ಆಕಾರ ಕೊಟ್ಟ. ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಆ ಗೆರೆಯ ಪ್ರಕಾರ ಹಣೆಯ ಚರ್ಮ ಬಿಡಿಸಿದ, ಆದರೆ ಪೂರ್ತಿ ಬಿಡಿಸಲಿಲ್ಲ. ಎರಡು ಕಣ್ಣಿನ ನಡುವೆ ಒಂದು ಸಣ್ಣ ಪಟ್ಟಿಯನ್ನ ಹಾಗೇ ಉಳಿಸಿದ. ಗುಟ್ಟಿರೋದು ಇಲ್ಲೇ. ಆ ಪಟ್ಟಿಯ ಮೂಲಕ ರಕ್ತ ಹರೀತಾ ಇರುತ್ತೆ, ಚರ್ಮ ಸಾಯಲ್ಲ. ಆಮೇಲೆ ಹಳೇ ಗಾಯವನ್ನ ಹಸಿ ಮಾಡಿ, ಹಣೆಯ ಚರ್ಮವನ್ನ ಅರ್ಧ ಸುತ್ತು ತಿರುಗಿಸಿ ಕೆಳಗೆ ತಂದು ಕೂರಿಸಿದ.

ಹೊಲಿಗೆ ಇಲ್ಲ. ಅಂಟಿಸೋಕೆ ಬಳಸಿದ್ದು ಕಾಚು. ಹೌದು, ಎಲೆ ಅಡಿಕೆ ಜೊತೆ ಬಾಯಿ ಕೆಂಪಾಗೋಕೆ ಹಾಕ್ತಾರಲ್ಲ, ಅದೇ. ನೀರಲ್ಲಿ ನೆನೆಸಿ ಬಟ್ಟೆಯ ಚೂರುಗಳಿಗೆ ಸವರಿ ಐದಾರು ಪದರ ಹಾಕಿದ. ನಾಲ್ಕು ದಿನ ಆದ ಮೇಲೆ ಅದನ್ನ ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಮೂಗಿಗೆ ತುಪ್ಪ ಸವರೋದು ಅಂದ್ರೆ ನಮ್ಮಲ್ಲಿ ಪೊಳ್ಳು ಭರವಸೆ ಕೊಡೋದು. ಇಲ್ಲಿ ಅದೇ ಟ್ರೀಟ್‌ಮೆಂಟ್! ಐದಾರು ದಿನ ಅಂಗಾತ ಮಲಗಬೇಕು. ಹತ್ತನೇ ದಿನ ಮೂಗಿನ ಹೊಳ್ಳೆ ಮುಚ್ಚದ ಹಾಗೆ ಮೆತ್ತಗಿನ ಬಟ್ಟೆ. ಸುಮಾರು 25ನೇ ದಿನ ಕಣ್ಣಿನ ನಡುವಿನ ಆ ಪಟ್ಟಿಯನ್ನ ಕತ್ತರಿಸಿ ಮೂಗಿಗೆ ಕೊನೇ ಆಕಾರ ಕೊಟ್ಟ. ಇವತ್ತೂ ದೊಡ್ಡ ಆಸ್ಪತ್ರೆಗಳಲ್ಲಿ ಹಣೆಯ ಚರ್ಮದಿಂದ ಮೂಗು ಕಟ್ಟಿದಾಗ ಪಟ್ಟಿ ಕತ್ತರಿಸೋದು ಸಾಮಾನ್ಯವಾಗಿ ಮೂರು ವಾರದ ಮೇಲೇ.

ಇದು ಅವನೊಬ್ಬನ ಬುದ್ಧಿಯಲ್ಲ. ಸುಶ್ರುತ ಸಂಹಿತೆಯಲ್ಲೇ ಎಲೆಯಿಂದ ಅಳತೆ ತೆಗೆದು, ಕೆನ್ನೆಯ ಚರ್ಮದಿಂದ ಮೂಗು ಕಟ್ಟೋ ವಿಧಾನ ಇದೆ. ಪುಸ್ತಕದ ವಿದ್ಯೆ ಯಾವ ದಾರಿಯಲ್ಲಿ ಕುಂಬಾರನ ಕೈಗೆ ಬಂತು ಅನ್ನೋದಕ್ಕಿಂತ, ಕೈಯಿಂದ ಕೈಗೆ ದಾಟುತ್ತಾ ಅಷ್ಟು ಶತಮಾನ ಬದುಕಿತಲ್ಲ, ನನಗೆ ಅದೇ ದೊಡ್ಡದು ಅನ್ಸುತ್ತೆ.

ಇದೆಲ್ಲ ನಮಗೆ ಗೊತ್ತಾಗಿದ್ದು ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾದ ಒಂದು ಪತ್ರದಿಂದ. ಜೊತೆಗೆ ಹೊಸ ಮೂಗಿನ ಕಾವಸ್‌ಜಿಯ ಚಿತ್ರವೂ ಇತ್ತು. ಅದರ ಮೂಲ ಚಿತ್ರ ಬರೆದಿದ್ದು ಜೇಮ್ಸ್ ವೇಲ್ಸ್, ಆಪರೇಷನ್ ಆಗಿ ಹತ್ತು ತಿಂಗಳಿಗೆ. ಇಂಥ ಆಪರೇಷನ್ ಕಣ್ಣಾರೆ ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರು ಪತ್ರದಲ್ಲಿದೆ. ರೋಗಿಯ ಹೆಸರಿದೆ. ಚಾಕು ಹಿಡಿದವನ ಹೆಸರು ಮಾತ್ರ ಇಲ್ಲ.

ಅದನ್ನ ಓದಿ ತಲೆ ಕೆಡಿಸ್ಕೊಂಡವನು ಜೋಸೆಫ್ ಕಾರ್ಪ್ಯೂ ಅನ್ನೋ ಲಂಡನ್ ಸರ್ಜನ್. ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ. ಮತ್ತು ಬರಿಸೋ ಔಷಧಿ ಇನ್ನೂ ಬಂದಿರಲಿಲ್ಲ, ಹದಿನೈದೇ ನಿಮಿಷದಲ್ಲಿ ಮುಗಿಸಿದ. 1816ರಲ್ಲಿ ಪುಸ್ತಕ ಬರೆದ. ಅಲ್ಲಿಂದ ವಿದ್ಯೆ ಯುರೋಪಿಗೆಲ್ಲ ಹಬ್ಬಿತು. ಅದಕ್ಕೆ ಪ್ಲಾಸ್ಟಿಕ್ ಸರ್ಜರಿ ಅನ್ನೋ ಹೆಸರು ಬಂದಿದ್ದು ನಮ್ಮ ಪ್ಲಾಸ್ಟಿಕ್ ಕೊಡದಿಂದಲ್ಲ, ಜೇಡಿಮಣ್ಣಿಗೆ ಆಕಾರ ಕೊಡೋದು ಅನ್ನೋ ಅರ್ಥದ ಗ್ರೀಕ್ ಮಾತಿನಿಂದ. ಕುಂಬಾರನ ಕೆಲಸ!

ಹಾಗಾದ್ರೆ ನಮ್ಮ ದಾಂಡೇಲಿ ಹುಡುಗನ ಥರ, ಇರೋ ಮೂಗೇ ಚೆಂದ ಆಗಬೇಕು ಅನ್ನೋರು? 1898ರಲ್ಲಿ ಬರ್ಲಿನ್ನಿನ ಜಾಕ್ ಜೋಸೆಫ್ ತನ್ನ ದೊಡ್ಡ ಮೂಗಿಗೆ ನಾಚಿ ಹೊರಗೆ ಓಡಾಡೋಕೆ ಹಿಂಜರೀತಿದ್ದ ಒಬ್ಬನ ಮೂಗು ಚಿಕ್ಕದು ಮಾಡಿದ. ಆರೋಗ್ಯವಾಗಿರೋ ಅಂಗಕ್ಕೆ ಚಾಕು ಯಾಕೆ ಅಂದವರಿಗೆ ಅವನ ಉತ್ತರ, ಮನಸ್ಸಿನ ನೋವೂ ನೋವೇ. ಅವ್ವನ ಪ್ರಶ್ನೆಗೂ ಹುಡುಗ ಕೊಡಬೇಕಾದ ಉತ್ತರ ಬಹುಶಃ ಅದೇ, ಅದನ್ನ ಬಾಯಿಬಿಟ್ಟು ಹೇಳೋದು ಮಾತ್ರ ಕಷ್ಟ.

ಹೊರಡೋಕೆ ಮುಂಚೆ ಅವನಿಗೆ ನಾನು ಹೇಳೋದು ಇಷ್ಟು. ಸಿಗರೇಟು, ಗುಟ್ಕಾ ವಾರಗಳ ಮೊದಲೇ ಬಿಡು, ನಿಕೋಟಿನ್‌ನಿಂದ ಚರ್ಮಕ್ಕೆ ರಕ್ತ ಹರಿಯೋದು ಕಡಿಮೆಯಾಗುತ್ತೆ. ತಗೊಳ್ತಿರೋ ಮಾತ್ರೆ ಎಲ್ಲ ಹೇಳು. ಚಾಕು ಹಿಡಿಯೋ ಡಾಕ್ಟರ್ ಹೆಸರು ಕೇಳಿ ಬರೆದಿಟ್ಕೋ. ಕ್ಲಿನಿಕ್‌ನ ಹೆಸರಲ್ಲ, ಆ ಮನುಷ್ಯನ ಹೆಸರು. ಮುಖದ ಆಪರೇಷನ್ ಆದ ಮೇಲೆ ವಿಮಾನ ಹತ್ತೋಕೆ 7ರಿಂದ 10 ದಿನ ಕಾಯಬೇಕು ಅಂತಾರೆ, ರಕ್ತ ಹೆಪ್ಪುಗಟ್ಟೋ ಅಪಾಯ ಇರುತ್ತೆ. ಪ್ಯಾಕೇಜಿನಲ್ಲಿರೋ ರಾತ್ರಿಗಳನ್ನ ಇನ್ನೊಮ್ಮೆ ಎಣಿಸು. ಕಾವಸ್‌ಜಿಗೆ ನಾಲ್ಕನೇ ದಿನ ಕಾಚು ತೆಗೆಯೋಕೆ, ಹತ್ತನೇ ದಿನ ಬಟ್ಟೆ ಇಡೋಕೆ, 25ನೇ ದಿನ ಪಟ್ಟಿ ಕತ್ತರಿಸೋಕೆ ಕುಂಬಾರ ಅಲ್ಲೇ ಇದ್ದ. ನೀನು ಮೂರನೇ ದಿನಕ್ಕೇ ವಿಮಾನ ಹತ್ತಿದರೆ, ವಾರದ ಮೇಲೆ ಮೂಗಿನ ಪಟ್ಟಿ ಬಿಚ್ಚೋ ಹೊತ್ತಿಗೆ ನೀನು ದಾಂಡೇಲಿಯಲ್ಲಿ, ಡಾಕ್ಟರ್ ಇಸ್ತಾಂಬುಲ್‌ನಲ್ಲಿ.