ಕಳ್ಳನಿಲ್ಲದ ಭಟ್ಟಿ

ನಮ್ಮ ಕಡೆ ‘ಭಟ್ಟಿ’ ಎಂಬ ಮಾತು ಒಂಟಿಯಾಗಿ ಬರುವುದು ಕಡಿಮೆ. ಅದರ ಮುಂದೆ ಒಬ್ಬ ಕಳ್ಳ ನಿಂತೇ ಇರುತ್ತಾನೆ. ಕಳ್ಳಭಟ್ಟಿ ಹಿಡಿದರು, ಕಳ್ಳಭಟ್ಟಿ ಕುಡಿದು ಸತ್ತರು ಎಂದು ಪತ್ರಿಕೆಯಲ್ಲಿ ಓದಿ ಓದಿ ಎರಡೂ ಸೇರಿ ಒಂದೇ ಪದವೆಂಬಂತೆ ನಮಗೆ ರೂಢಿಯಾಗಿದೆ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿದು ಗೋವೆಯ ಸತ್ತರಿ ತಾಲೂಕಿಗೆ ಬಂದರೆ ಅದೇ ಭಟ್ಟಿ ಕಳ್ಳನ ಸಹವಾಸ ಬಿಟ್ಟು, ಹಾಡುಹಗಲಿನಲ್ಲಿ ಹೊಗೆಯಾಡುತ್ತ ಕುಳಿತಿರುತ್ತದೆ. ಘಟ್ಟದ ಮೇಲೆ ಅಪರಾಧವಾದದ್ದು ಘಟ್ಟದ ಕೆಳಗೆ ಕಸುಬಾಗಿ ಉಳಿದದ್ದು ಹೇಗೆ? ಮೂವತ್ತು ವರ್ಷ ಇತಿಹಾಸದ ಪಾಠ ಮಾಡಿದವಳಿಗೆ ಇದು ಬಿಟ್ಟುಕೊಡುವಂಥ ಪ್ರಶ್ನೆಯಲ್ಲ.

ಆದ್ದರಿಂದ ಮೇ ತಿಂಗಳ ರಜೆಯಲ್ಲಿ ನಾವು ಐವರು ಶಿಕ್ಷಕಿಯರು ಗೋವೆಗೆ ಹೊರಟಾಗ, ಗುಡಿ, ಚರ್ಚು, ಸಮುದ್ರಗಳ ಪಟ್ಟಿಗೆ ಒಂದು ಫೇಣಿಯ ಭಟ್ಟಿಯನ್ನೂ ಸೇರಿಸಿದೆ. ‘ಅಕ್ಕಾ, ಮಂದಿ ಏನಂದಾರು?’ ಎಂದು ಗಣಿತದ ಶಿಕ್ಷಕಿ ಹಿಂಜರಿದರು. ಫೇಣಿಯೆಂದರೆ ಅವರಿಗೆ ಮದುವೆಮನೆಯಲ್ಲಿ ಹಾಲು ಸಕ್ಕರೆ ಹಾಕಿ ಬಡಿಸುವ ಪದರು ಪದರಿನ ಸಿಹಿ. ಇದು ಬೇರೆ ಫೇಣಿ. ಸಂಸ್ಕೃತದ ಫೇನ, ಅಂದರೆ ನೊರೆ, ಕೊಂಕಣಿಯಲ್ಲಿ ಫೆಣ್ ಆಗಿ ಈ ಪಾನೀಯಕ್ಕೆ ಹೆಸರು ಕೊಟ್ಟಿತು ಎನ್ನುತ್ತಾರೆ.

ಅಲ್ಲಿ ಹಣ್ಣನ್ನು ಮರದಿಂದ ಕೀಳುವುದಿಲ್ಲ. ತಾನಾಗಿ ಕಳಿತು ಬಿದ್ದದ್ದನ್ನೇ ಆರಿಸುತ್ತಾರೆ. ಬೀಜ ತಿರುವಿ ತೆಗೆದು ಹಣ್ಣನ್ನು ಕೊಳಂಬಿ ಎಂಬ ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುವುದು ಹಳೆಯ ಪದ್ಧತಿ. ಈಗ ಬಹಳ ಕಡೆ ಯಂತ್ರ ಬಂದಿದೆ. ತುಳಿದ ಸಿಪ್ಪೆಯನ್ನು ಗುಂಪೆ ಕಟ್ಟಿ ಮೇಲೆ ಭಾರ ಹೇರಿದರೆ ರಾತ್ರಿಯಿಡೀ ತೊಟ್ಟಿಕ್ಕುವ ತಿಳಿರಸಕ್ಕೆ ನೀರೊ ಎಂದು ಹೆಸರು. ಅದರಲ್ಲಿ ಅಮಲಿಲ್ಲ. ನಾವೆಲ್ಲ ಒಂದೊಂದು ಲೋಟ ಕುಡಿದೆವು. ಗಂಟಲು ತುಸು ಕೆರೆಯಿತು, ರುಚಿ ಮಾತ್ರ ಸೊಗಸು. ತುಳಿದ ರಸವನ್ನು ಮೂರು ದಿನ ಹುದುಗಲು ಬಿಡುತ್ತಾರೆ. ನೀರು ಬೆರೆಸುವುದಿಲ್ಲ, ಸಕ್ಕರೆ ಇಲ್ಲ, ಹೆಪ್ಪು ಹಾಕುವುದೂ ಇಲ್ಲ. ಹಣ್ಣಿನ ಮೈಮೇಲೆ ಇರುವ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡುತ್ತವೆ. ಬಳಿಕ ಭಾಣ ಎಂಬ ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿಯನ್ನು ಇನ್ನೊಂದು ಪಾತ್ರೆಗೆ ಹಾಯಿಸಿ ತಣ್ಣೀರಿನಿಂದ ತಂಪಿಸಿದರೆ ಹನಿ ಇಳಿಯುತ್ತದೆ. ವಿಜ್ಞಾನದ ಶಿಕ್ಷಕಿ ‘ಇದೇ ನೋಡ್ರಿ, ಆಸವನ!’ ಎಂದು ಕೂಗಿಯೇ ಬಿಟ್ಟರು. ಎಷ್ಟೋ ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದನ್ನು ಅವರು ಒಲೆಯ ಮೇಲೆ ಕಂಡದ್ದು ಅಂದೇ. ಮೊದಲ ಸಲ ಇಳಿದದ್ದು ಉರಾಕ್. ಅಮಲು ಶೇಕಡಾ 15ರ ಆಸುಪಾಸು, ಬಹಳ ದಿನ ಬಾಳದು. ಅದಕ್ಕೆ ಇನ್ನಷ್ಟು ಹುದುಗಿದ ರಸ ಕೂಡಿಸಿ ಮತ್ತೆ ಕಾಯಿಸಿದರೆ ಶೇಕಡಾ 40 ದಾಟಿದ ಫೇಣಿ.

ಭಟ್ಟಿಯ ಯಜಮಾನತಿ ನನ್ನ ಓರಗೆಯವರು. ಬೀಜ ಮಾರಿದ ಹಣ ಮಕ್ಕಳ ಶಾಲೆಗೆ, ಫೇಣಿಯ ಹಣ ಮಳೆಗಾಲದ ಸಂಸಾರಕ್ಕೆ ಎಂದು ಮರಾಠಿಯಲ್ಲಿ ಹೇಳಿದರು. ನಾನು ಕೇಳಬೇಕೆಂದು ಬಂದದ್ದನ್ನು ಕೇಳಿದೆ: ‘ನಿಮ್ಮ ಯಜಮಾನರು ಕುಡಿಯುವುದಿಲ್ಲವೇ?’ ಆಕೆ ನಕ್ಕರು. ‘ಕುಡಿಯುತ್ತಾರೆ. ಕೋಣೆಯ ಕೀಲಿಕೈ ನನ್ನ ಹತ್ತಿರ ಇದೆ.’

ಗೇರುಮರ ಗೋವೆಯದಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಅಲ್ಲಿಯ ತುಪಿ ಜನರ ‘ಅಕಾಜು’ ಪೋರ್ಚುಗೀಸರ ಬಾಯಲ್ಲಿ ಕಾಜು ಆಗಿ ನಮ್ಮ ತನಕ ಬಂತು. ಮರ ಹೊರಗಿನಿಂದ ಬಂದರೂ ಅದರ ಹಣ್ಣಿನಿಂದ ಫೇಣಿ ಇಳಿಸಿದವರು ಕೊಂಕಣಿಗರೇ. ತೆಂಗಿನ ಕಳ್ಳಿನಿಂದ ಫೇಣಿ ಇಳಿಸುವ ವಿದ್ಯೆ ಕರಾವಳಿಯಲ್ಲಿ ಬೇರೂರಿತ್ತು, ದಕ್ಷಿಣ ಗೋವೆಯಲ್ಲಿ ಅದು ಇನ್ನೂ ಇದೆ.

ಕಳ್ಳನನ್ನು ಹುಡುಕುವುದಾದರೆ 1878ಕ್ಕೆ ಹೋಗಬೇಕು. ಆ ವರ್ಷ ಎರಡು ಕಾಗದಗಳಿಗೆ ಸಹಿ ಬಿತ್ತು. ಒಂದು, ಮುಂಬಯಿ ಅಬಕಾರಿ ಕಾಯಿದೆ. ಬೆಳಗಾವಿ, ಧಾರವಾಡ, ಕಾರವಾರಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಊರೂರಿನ ಒಲೆಗಳನ್ನು ಆರಿಸಿ, ಪರವಾನಗಿ ಪಡೆದ ಕೆಲವೇ ಭಟ್ಟಿಗಳಲ್ಲಿ ಮದ್ಯ ಇಳಿಸಿ, ಗುತ್ತಿಗೆದಾರರ ಮೂಲಕ ಮಾರಿಸಿ, ಸುಂಕವನ್ನು ತಪ್ಪದೆ ಎತ್ತುವುದು ಈ ವ್ಯವಸ್ಥೆಯ ಗುರಿ. ಮನೆಯ ಹಿತ್ತಲಲ್ಲಿ ಹಂಡೆ ಇಟ್ಟವನು ಅಂದಿನಿಂದ ಕಳ್ಳನಾದ. ಕುಡಿತ ಕಡಿಮೆಯಾಗಲೆಂದು ಇದನ್ನು ಮಾಡಿದೆವೆಂದು ಅಧಿಕಾರಿಗಳು ಹೇಳಿಕೊಂಡರು. ಬೊಕ್ಕಸದ ಲೆಕ್ಕ ಬೇರೆಯೇ ಕತೆ ಹೇಳುತ್ತದೆ.

ಇನ್ನೊಂದು ಕಾಗದ, ಅದೇ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದ. ಗೋವೆಯ ಉಪ್ಪು ಬ್ರಿಟಿಷರ ಹಿಡಿತಕ್ಕೆ ಬಂತು, ಪ್ರತಿಯಾಗಿ ವರ್ಷಕ್ಕೆ 4 ಲಕ್ಷ ರೂಪಾಯಿ. ಗೋವೆಯ ಅಬಕಾರಿಯನ್ನೂ ಮುಂಬಯಿಯ ಅಚ್ಚಿಗೆ ಹೊಯ್ಯಬೇಕೆಂದು ಗೊತ್ತಾಯಿತು. ಗಡಿಯಾಚೆ ಅಗ್ಗದ ಮದ್ಯ ಹರಿದರೆ ಈಚೆಯ ಸುಂಕಕ್ಕೆ ಬೆಲೆಯೆಲ್ಲಿ? ಮುರಗಾಂವದಿಂದ ಕ್ಯಾಸಲ್‌ರಾಕ್‌ವರೆಗಿನ ರೈಲುಹಾದಿ ಇದೇ ಒಪ್ಪಂದದ ಕೂಸು. ಅನೇಕ ಉಪ್ಪಿನಾಗರಗಳು ಮುಚ್ಚಿದವು, ಮರ ಏರುವವರೂ ಭಟ್ಟಿಯವರೂ ಬವಣೆಪಟ್ಟರು. ಆದರೆ 1892ರಲ್ಲಿ ಒಪ್ಪಂದ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ. ಗೋವೆಯ ಒಲೆಗಳು ಉಳಿದದ್ದರಲ್ಲಿ ಈ ಇಸವಿಯ ಪಾಲು ದೊಡ್ಡದೆಂದು ನನ್ನ ಊಹೆ. ಘಟ್ಟದ ಮೇಲಿನ ನಮಗೆ ಅಂಥ ಒಂದು 1892 ಬರಲೇ ಇಲ್ಲ.

ನಮಗೆ ಬಂದದ್ದು 1950ರ ಮುಂಬಯಿಯ ಪೂರ್ಣ ಪಾನನಿಷೇಧ, 1967ರಲ್ಲಿ ಅದರ ರದ್ದು, ಆಮೇಲೆ ಸಾರಾಯಿಯ ಹರಾಜು. ನಾನು ನೌಕರಿಗೆ ಸೇರಿದ ಊರಿನಲ್ಲಿ ಶಾಲೆಗೂ ಸಾರಾಯಿ ಅಂಗಡಿಗೂ ನಡುವೆ ಒಂದು ಬೇವಿನಮರ ಮಾತ್ರ. ಅದನ್ನು ಇಳಿಸಿದವರು ಯಾರೋ, ಎಲ್ಲಿಯೋ. ಊರಿಗೆ ಬರುತ್ತಿದ್ದುದು ಪ್ಲಾಸ್ಟಿಕ್ ಪಾಕೀಟು. ಸಂತೆಯ ಮರುದಿನ ಹಾಜರಿ ಪುಸ್ತಕ ನೋಡಿದರೆ ಸಾಕಿತ್ತು, ಯಾರ ಮನೆಯಲ್ಲಿ ಏನಾಯಿತೆಂದು ತಿಳಿಯುತ್ತಿತ್ತು. ಆರನೆಯ ತರಗತಿಯ ಒಬ್ಬ ಹುಡುಗಿಯ ಪಾಟಿಚೀಲವನ್ನು ಪುಸ್ತಕಗಳ ಸಮೇತ ಅವಳಪ್ಪ ಎರಡು ಪಾಕೀಟಿಗೆ ಒತ್ತೆ ಇಟ್ಟಿದ್ದ. ನಾವು ದುಡ್ಡು ಕೊಟ್ಟು ಬಿಡಿಸಿ ತಂದೆವು. ಚೀಲ ಬಂತು, ಹುಡುಗಿ ಬರಲಿಲ್ಲ.

ಆದ್ದರಿಂದ 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾಕ್ಷರತೆಯ ತರಗತಿಯಲ್ಲಿ ತಮ್ಮಂಥವಳ ಕತೆ ಓದಿ ಎದ್ದುಹೋಗಿ ಸಾರಾಯಿ ನಿಲ್ಲಿಸಿದ್ದನ್ನೂ, 1993ರಲ್ಲಿ ಆಂಧ್ರ ಸರಕಾರ ಅದಕ್ಕೆ ಮಣಿದದ್ದನ್ನೂ ನಾನು ಪಾಠದಲ್ಲಿ ಇಲ್ಲದಿದ್ದರೂ ಹೇಳುತ್ತ ಬಂದಿದ್ದೇನೆ. ನಮ್ಮಲ್ಲಿ 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಅಂದು ಸಂತೋಷಪಟ್ಟೆ, ಇಂದಿಗೂ ಆ ಸಂತೋಷವನ್ನು ಹಿಂದಕ್ಕೆ ಪಡೆಯಲಾರೆ. ಪಾಕೀಟಿನ ಜಾಗಕ್ಕೆ 90 ಮಿಲಿಲೀಟರಿನ ಅಗ್ಗದ ವಿಸ್ಕಿಯ ಪೆಟ್ಟಿಗೆ ಬಂದು ಕೂತದ್ದು ಬೇರೆ ಮಾತು.

ಗೋವೆಯ ದಾರಿ ತಿರುವುಮುರುವು. ನಾಟಿ ಮದ್ಯದ ಪಟ್ಟಿಯಲ್ಲೇ ಇದ್ದ ಗೇರುಫೇಣಿಗೆ 2009ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. 2016ರಲ್ಲಿ ಕಾಯಿದೆಯನ್ನೇ ತಿದ್ದಿ ಅದನ್ನು ಪರಂಪರೆಯ ಪಾನೀಯವೆಂದು ಸಾರಿದರು. ಈಗ ಪ್ರವಾಸಿಗರು ಭಟ್ಟಿ ನೋಡಲು ಬರುತ್ತಾರೆ, ಉರಾಕಿಗೆ ನಿಂಬೆಯ ಸೋಡಾ, ಹಸಿಮೆಣಸಿನಕಾಯಿ ಹಾಕಿ ಸವಿಯುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿಯೂ ಎಲ್ಲ ಚೆಂದವೆಂದು ನಾನು ಹೇಳುವುದಿಲ್ಲ. ಗೇರು ಪ್ರದೇಶಗಳನ್ನು ಅಬಕಾರಿ ಇಲಾಖೆ ಅಲ್ಲಿಯೂ ಹರಾಜು ಹಾಕುತ್ತದೆ. ಚೆಂದದ ಬಾಟಲಿಯ ಬೆಲೆಯಲ್ಲಿ ಹಣ್ಣು ಆರಿಸಿದವರ ಕೈಗೆ ಎಷ್ಟು ಬರುತ್ತದೆಂದು ಯಾವ ಪ್ರವಾಸಿಯೂ ಕೇಳಿದ್ದನ್ನು ನಾನು ಕಾಣಲಿಲ್ಲ. ಆದರೆ ಇಳಿಸಿದವರ ಮುಖ ಕಾಣುತ್ತದೆ, ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದೂ ಕಾಣುತ್ತದೆ. ನಮ್ಮ ಪಾಕೀಟಿಗೆ ಮುಖವೇ ಇರಲಿಲ್ಲ.

ಖಾನಾಪುರ ತಾಲೂಕಿನಲ್ಲಿಯೂ ಗೇರುತೋಪುಗಳಿವೆ. ಬರುವಾಗ ಒಂದರ ಬಳಿ ನಿಂತೆವು. ಬೀಜ ತಿರುವಿಕೊಂಡು ಎಸೆದ ಹಣ್ಣು ಮರದ ಬುಡದಲ್ಲಿ ರಾಶಿ ಬಿದ್ದು ಕೊಳೆಯುತ್ತಿತ್ತು, ಮೇಲೆಲ್ಲ ನೊಣ. ಇಲ್ಲಿ ಭಟ್ಟಿ ಹೂಡಿರೆಂದು ನನ್ನ ಬಾಯಲ್ಲಿ ಬಾರದು. ‘ನೀರೊ ಮಾಡಬಹುದಲ್ಲ ಅಕ್ಕಾ, ಅದಕ್ಕೇನು ಅಮಲಿಲ್ಲ’ ಎಂದರು ಗಣಿತದ ಶಿಕ್ಷಕಿ. ಒಂದು ಬುಟ್ಟಿ ಹಣ್ಣಿಗೆ ಎಷ್ಟು ಲೋಟ, ಲೋಟಕ್ಕೆ ಎಷ್ಟು ರೂಪಾಯಿ ಎಂದು ಅವರು ಬೆಳಗಾವಿ ಬರುವವರೆಗೂ ಲೆಕ್ಕ ಹಾಕುತ್ತಲೇ ಇದ್ದರು.